ವಿಟ್ನಿ ಹ್ಯೂಸ್ಟನ್: ನಮ್ಮ ಹಾಸನದ ಕೇಳುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಕರ್ನಾಟಕ ಸಂಗೀತ, ಜೊತೆಗೆ ಸ್ವಲ್ಪ ಸುಗಮ ಸಂಗೀತ. ಭಾನುವಾರ ಸಂಜೆ ಪಾಠ ಇರುವುದಿಲ್ಲ. ಆಗ ಮಕ್ಕಳು, ಅವರ ಅಪ್ಪ ಅಮ್ಮ, ಅಕ್ಕಪಕ್ಕದ ಮನೆಯವರು ಎಲ್ಲ ಚಾಪೆ ಹಾಸಿಕೊಂಡು ಕೂತು ಹಾಡು ಕೇಳುತ್ತೇವೆ. ಒಂದು ತಿಂಗಳಿಗೆ ಒಬ್ಬರೇ ಗಾಯಕರು. ಅಮೆರಿಕದ ಪಾಪ್ ಗಾಯಕಿ ವಿಟ್ನಿ ಹ್ಯೂಸ್ಟನ್ ಅವರ ತಿಂಗಳಲ್ಲಿ ಬಂದಷ್ಟು ಪ್ರಶ್ನೆ ಇನ್ಯಾರ ತಿಂಗಳಲ್ಲೂ ಬಂದಿಲ್ಲ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಜಾಸ್ತಿ ಜನ ಮೊದಲು ಕೇಳುವುದು ಅವರು ಹೇಗೆ ಸತ್ತರು ಅಂತ. ಅದಕ್ಕೂ ಉತ್ತರ ಇದೆ, ಆದರೆ ಕೊನೆಯ ಕಡೆಗೆ ಇಟ್ಟಿದ್ದೇನೆ. 48 ವರ್ಷದ ಬದುಕನ್ನು ಅದರ ಕೊನೆಯ ದಿನದಿಂದ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿಗೆ ಅಮೆರಿಕದ ಪಾಪ್ ಗಾಯಕಿ ಯಾಕೆ?

ನಮ್ಮ ಜಿಲ್ಲೆಯಲ್ಲೇ ಅರಕಲಗೂಡು ತಾಲ್ಲೂಕಿನಲ್ಲಿ ರುದ್ರಪಟ್ಟಣ ಇದೆ. ಕಾವೇರಿ ದಡದ ಪುಟ್ಟ ಊರು. ಕರ್ನಾಟಕ ಸಂಗೀತದ ದೊಡ್ಡ ವಿದ್ವಾಂಸರು ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ. ರುದ್ರಪಟ್ಟಣ ಸಹೋದರರಾದ ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್ ಆ ಊರಿನವರು. ಆರ್.ಕೆ. ಪದ್ಮನಾಭ ಅವರೂ ಅಲ್ಲಿಯವರೇ. ಅಪ್ಪ ಹಾಡುವಾಗ ಮಗ ತೊಡೆಯ ಮೇಲೆ ಕೂತು ಕೇಳುವುದು, ಅಣ್ಣ ಪಿಟೀಲು ಹಿಡಿದರೆ ತಮ್ಮ ಹಾಡುವುದು ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ವಿಟ್ನಿ ಹುಟ್ಟಿದ್ದೂ ಅಂಥದೇ ಒಂದು ಮನೆಯಲ್ಲಿ. ಭಾಷೆ ಬೇರೆ, ದೇವರ ಹೆಸರು ಬೇರೆ, ಪಕ್ಕವಾದ್ಯ ಬೇರೆ. ಆದರೆ ಮನೆಯಲ್ಲಿ ಸಂಗೀತ ಒಬ್ಬರಿಂದ ಒಬ್ಬರಿಗೆ ಬರುವ ರೀತಿ ಒಂದೇ. ಇದನ್ನು ಮಕ್ಕಳು ಕಿವಿಯಿಂದಲೇ ಕಂಡುಕೊಳ್ಳಲಿ ಅಂತ ಈ ಹಾಡುಗಳನ್ನು ಹಾಕುತ್ತೇನೆ.

ಅವರು ಎಲ್ಲಿಯವರು, ಯಾವಾಗ ಹುಟ್ಟಿದರು?

1963ರ ಆಗಸ್ಟ್ 9, ಅಮೆರಿಕದ ನ್ಯೂಜೆರ್ಸಿ ರಾಜ್ಯದ ನೆವಾರ್ಕ್ ನಗರ. ನ್ಯೂಯಾರ್ಕ್‌ಗೆ ಹತ್ತಿರದ ಊರು. 1967ರಲ್ಲಿ ಅಲ್ಲಿ ದೊಡ್ಡ ಗಲಭೆ ಆಯಿತು. ಆಮೇಲೆ ಈ ಕುಟುಂಬ ಪಕ್ಕದ ಈಸ್ಟ್ ಆರೆಂಜ್‌ಗೆ ಮನೆ ಬದಲಿಸಿತು. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದ ಮುದ್ದಿನ ಹೆಸರು ನಿಪ್ಪಿ.

ಮನೆಯಲ್ಲಿ ಯಾರ್ಯಾರು ಹಾಡುತ್ತಿದ್ದರು?

ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ನಿಧಾನವಾಗಿ ಹೇಳುತ್ತೇನೆ.

ತಾಯಿ ಸಿಸ್ಸಿ ಹ್ಯೂಸ್ಟನ್. ಹುಟ್ಟಿದಾಗ ಇಟ್ಟ ಹೆಸರು ಎಮಿಲಿ ಡ್ರಿಂಕರ್ಡ್. ಎಂಟು ಮಕ್ಕಳಲ್ಲಿ ಕೊನೆಯವರು. ಅಕ್ಕ, ಅಣ್ಣಂದಿರ ಜೊತೆ ಸೇರಿ ಚಿಕ್ಕಂದಿನಿಂದಲೇ ಚರ್ಚಿನಲ್ಲಿ ಹಾಡುತ್ತಿದ್ದರು. ಆ ತಂಡದ ಹೆಸರು ಡ್ರಿಂಕರ್ಡ್ ಸಿಂಗರ್ಸ್. ಮುಂದೆ ಸಿಸ್ಸಿ ಸ್ವೀಟ್ ಇನ್ಸ್ಪಿರೇಷನ್ಸ್ ಎಂಬ ಹೆಣ್ಣುಮಕ್ಕಳ ತಂಡ ಕಟ್ಟಿದರು. ದೊಡ್ಡ ದೊಡ್ಡ ಗಾಯಕರ ಹಿಂದೆ ನಿಂತು ದನಿ ಸೇರಿಸುವುದು ಅವರ ಕೆಲಸ. ಅರೀಥಾ ಫ್ರ್ಯಾಂಕ್ಲಿನ್ ಹಿಂದೆ ಹಾಡಿದರು. ಎಲ್ವಿಸ್ ಪ್ರೀಸ್ಲಿ 1969ರಲ್ಲಿ ಲಾಸ್ ವೇಗಸ್ ವೇದಿಕೆಗೆ ಮರಳಿದಾಗ ಅವರ ಹಿಂದೆಯೂ ಹಾಡಿದರು.

ಸಿಸ್ಸಿಯ ಅಕ್ಕ ಲೀ. ಅವರ ಮಕ್ಕಳು ಡಿಯಾನ್ ವಾರ್ವಿಕ್ ಮತ್ತು ಡೀ ಡೀ ವಾರ್ವಿಕ್. ಅಂದರೆ ವಿಟ್ನಿಗೆ ಇಬ್ಬರೂ ದೊಡ್ಡಮ್ಮನ ಮಕ್ಕಳು, ನಮ್ಮ ಲೆಕ್ಕದಲ್ಲಿ ಅಕ್ಕಂದಿರು. ವಿಟ್ನಿ ಹುಟ್ಟುವ ಹೊತ್ತಿಗೆ ಡಿಯಾನ್ ಹಾಡುಗಳು ಆಗಲೇ ರೇಡಿಯೋದಲ್ಲಿ ಬರುತ್ತಿದ್ದವು. ಅರೀಥಾ ರಕ್ತಸಂಬಂಧಿ ಅಲ್ಲ. ಆದರೂ ಮನೆಯವರ ಹಾಗೆಯೇ ಇದ್ದರು, ವಿಟ್ನಿ ಅವರನ್ನು ಆಂಟಿ ಅಂತಲೇ ಕರೆಯುತ್ತಿದ್ದರು.

ಯೋಚನೆ ಮಾಡಿ. ನಮ್ಮ ಮನೆಗೆ ದೊಡ್ಡಮ್ಮ ಬಂದರೆ ಹಪ್ಪಳ, ಉಪ್ಪಿನಕಾಯಿ ಮಾತು. ಆ ಮನೆಗೆ ದೊಡ್ಡಮ್ಮ ಬಂದರೆ ಯಾವ ದನಿ ಎಲ್ಲಿ ಸೇರಬೇಕು ಅನ್ನುವ ಮಾತು. ತಾಯಿ ಸ್ಟುಡಿಯೋಗೆ ಹೋದರೆ ಮಗು ಜೊತೆಗೆ. ಅರೀಥಾ ಹಾಡುವುದನ್ನು ಗಾಜಿನ ಆಚೆ ಕೂತು ನೋಡಿದ ಹುಡುಗಿ ಆಕೆ. ಆ ವಯಸ್ಸಿಗೆ ಕಿವಿಗೆ ಬಿದ್ದದ್ದು ಎಲ್ಲಿಗೂ ಹೋಗುವುದಿಲ್ಲ.

ತಂದೆ ಜಾನ್ ಹ್ಯೂಸ್ಟನ್ ಹಾಡುತ್ತಿರಲಿಲ್ಲ. ಅವರು ಹೆಂಡತಿಯ ಸಂಗೀತದ ವ್ಯವಹಾರ ನೋಡಿಕೊಳ್ಳುತ್ತಿದ್ದರು, ನೆವಾರ್ಕ್ ನಗರಾಡಳಿತದಲ್ಲೂ ಕೆಲಸ ಮಾಡಿದರು. ಅಣ್ಣಂದಿರು ಇಬ್ಬರು, ಗ್ಯಾರಿ ಮತ್ತು ಮೈಕೆಲ್. ಗ್ಯಾರಿ ಸ್ವಲ್ಪ ಕಾಲ ಬ್ಯಾಸ್ಕೆಟ್‌ಬಾಲ್ ಆಡಿದವರು. ಆಮೇಲೆ ತಂಗಿಯ ಕಾರ್ಯಕ್ರಮಗಳಲ್ಲಿ ಹಾಡಿದರು.

ಗಾಸ್ಪೆಲ್ ಅಂದರೆ ಏನು? ನಮ್ಮ ಭಜನೆ ಥರವಾ?

ಹತ್ತಿರ ಹತ್ತಿರ ಹೌದು. ಅದು ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿಗೀತೆ. ಒಬ್ಬರು ಮುಂದೆ ನಿಂತು ಒಂದು ಸಾಲು ಎತ್ತುತ್ತಾರೆ, ಗುಂಪು ಅದಕ್ಕೆ ಮರುದನಿ ಕೊಡುತ್ತದೆ. ಕೈ ಚಪ್ಪಾಳೆಯೇ ತಾಳ. ಭಾವ ಏರಿದಂತೆ ಅದೇ ಸಾಲನ್ನು ಮತ್ತೆ ಮತ್ತೆ ಬೇರೆ ಬೇರೆ ಥರ ಹಾಡುತ್ತಾರೆ. ನಮ್ಮಲ್ಲಿ ನೆರವಲ್ ಮಾಡುತ್ತಾರಲ್ಲ, ಒಂದೇ ಸಾಹಿತ್ಯ, ಪ್ರತಿ ಸಲವೂ ಬೇರೆ ಸಂಗತಿ, ಹಾಗೆ.

ವ್ಯತ್ಯಾಸವೂ ಇದೆ. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಸ್ವರ ಹಾಡುತ್ತೇವೆ. ಅಲ್ಲಿ ಒಬ್ಬರು ಷಡ್ಜದಲ್ಲಿದ್ದರೆ ಇನ್ನೊಬ್ಬರು ಗಾಂಧಾರ, ಮತ್ತೊಬ್ಬರು ಪಂಚಮ, ಎಲ್ಲ ಒಟ್ಟಿಗೆ. ಹಾಸನದ ಚರ್ಚುಗಳಲ್ಲಿ ಕ್ರಿಸ್ಮಸ್ ಹಾಡು ಕೇಳಿದವರಿಗೆ ಇದರ ರುಚಿ ಗೊತ್ತಿರುತ್ತದೆ.

ವಿಟ್ನಿಯ ಚರ್ಚು ನೆವಾರ್ಕ್‌ನ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಚರ್ಚು. ಅಲ್ಲಿನ ಹಾಡಿನ ತಂಡವನ್ನು ನಡೆಸುತ್ತಿದ್ದವರು ಅಮ್ಮನೇ. 11ನೇ ವಯಸ್ಸಿನಲ್ಲಿ ವಿಟ್ನಿ ಅಲ್ಲಿ ಮೊದಲ ಬಾರಿಗೆ ಎಲ್ಲರ ಮುಂದೆ ಒಬ್ಬಳೇ ನಿಂತು ಹಾಡಿದಳು.

ತಾಯಿ ಹೇಗೆ ಕಲಿಸಿದರು? ಮುದ್ದಿನಿಂದಲಾ, ಗದರಿಯಾ?

ಗದರಿ. ಚರ್ಚಿನ ತಂಡದಲ್ಲಿ ಮಗಳು ಅಂತ ರಿಯಾಯಿತಿ ಇರಲಿಲ್ಲ. ಪದ ಸ್ಪಷ್ಟ ಇರಬೇಕು, ಶ್ರುತಿ ನಿಲ್ಲಬೇಕು, ಉಸಿರು ಎಲ್ಲಿ ಬೇಕೋ ಅಲ್ಲೇ ತೆಗೆದುಕೊಳ್ಳಬೇಕು. ತಲೆ, ಎದೆ, ಹೊಟ್ಟೆ ಈ ಮೂರೂ ಕಡೆಯಿಂದ ಹಾಡು ಬರಬೇಕು ಅನ್ನುವುದು ಸಿಸ್ಸಿ ಅವರ ಪಾಠ. ಬುದ್ಧಿ, ಭಾವ, ಧೈರ್ಯ ಅಂತ ಅರ್ಥ. ನಾಭಿಯಿಂದ ಹಾಡು ಅಂತ ನಮ್ಮ ಗುರುಗಳು ಹೇಳುತ್ತಿದ್ದದ್ದೂ ಇದನ್ನೇ ಅಲ್ವಾ?

ಹದಿಹರೆಯದಲ್ಲಿ ವಿಟ್ನಿ ನ್ಯೂಯಾರ್ಕ್ ಕ್ಲಬ್ಬುಗಳಲ್ಲಿ ಅಮ್ಮನ ಹಿಂದೆ ನಿಂತು ಹಾಡುತ್ತಿದ್ದರು. ನಡುವೆ ಒಂದೆರಡು ಹಾಡು ಮಗಳಿಗೆ ಬಿಟ್ಟುಕೊಡುತ್ತಿದ್ದರು. ಬೇರೆಯವರ ರೆಕಾರ್ಡಿಂಗ್‌ಗಳಲ್ಲೂ ಹಿನ್ನೆಲೆ ದನಿ ಕೊಟ್ಟರು. ಹಿಂದೆ ನಿಂತು ಹಾಡುವವರಿಗೆ ಇನ್ನೊಬ್ಬರ ದನಿಗೆ ಕಿವಿ ಕೊಡುವುದು ಮೊದಲು ಬರುತ್ತದೆ. ತನ್ನ ದನಿ ಮೆರೆಸುವುದು ಆಮೇಲೆ. ನಮ್ಮ ಮಕ್ಕಳಿಗೆ ನಾವು ಇದನ್ನು ಕಲಿಸುವುದೇ ಇಲ್ಲ. ಎರಡು ಗೀತೆ ಬಂದ ಕೂಡಲೇ ಕೈಗೆ ಮೈಕ್ ಕೊಟ್ಟುಬಿಡುತ್ತೇವೆ.

ಓದು ಬಿಟ್ಟು ಹಾಡಲು ಹೋದರಾ?

ಇಲ್ಲ. ರೆಕಾರ್ಡ್ ಕಂಪನಿಗಳು ಚಿಕ್ಕ ವಯಸ್ಸಿನಲ್ಲೇ ಕೇಳಿಕೊಂಡು ಬಂದಿದ್ದವು. ಮೊದಲು ಹೈಸ್ಕೂಲ್ ಮುಗಿಯಲಿ ಅಂತ ತಾಯಿ ಒಪ್ಪಲಿಲ್ಲ. ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಯಲ್ಲಿ ಓದು ಮುಗಿಸಿದರು. ಅದೇ ಸಮಯದಲ್ಲಿ ಮಾಡೆಲಿಂಗ್ ಕೂಡ ಮಾಡಿದರು. 1981ರಲ್ಲಿ ಸೆವೆಂಟೀನ್ ಪತ್ರಿಕೆಯ ಮುಖಪುಟಕ್ಕೆ ಬಂದರು. ಆ ಕಾಲಕ್ಕೆ ಕಪ್ಪು ಹುಡುಗಿಯ ಮುಖ ಅಂಥ ಪತ್ರಿಕೆಯ ಮೇಲೆ ಕಾಣುವುದು ಅಪರೂಪ.

ಅಮ್ಮ, ಅಕ್ಕ ಹೆಸರುವಾಸಿ. ಅದರಿಂದಲೇ ಅವಕಾಶ ಸಿಕ್ಕಿತಲ್ಲವೇ?

ಬಾಗಿಲು ತೆರೆಯಲು ಸಹಾಯ ಆಯಿತು, ನಿಜ. ಅಮ್ಮ ಹಾಡುವ ಕ್ಲಬ್ಬಿಗೆ ಸಂಗೀತ ಕಂಪನಿಯವರು ಬರುತ್ತಿದ್ದರು. ಅರಿಸ್ತಾ ಕಂಪನಿಯ ಕ್ಲೈವ್ ಡೇವಿಸ್ 1983ರಲ್ಲಿ ವಿಟ್ನಿ ಹಾಡು ಕೇಳಿ ಒಪ್ಪಂದ ಮಾಡಿಕೊಂಡರು. ಆಗ ಡಿಯಾನ್ ವಾರ್ವಿಕ್ ಕೂಡ ಅದೇ ಕಂಪನಿಗೆ ಹಾಡುತ್ತಿದ್ದರು.

ಆದರೆ ಮುಂದಿನದನ್ನು ನೋಡಿ. ಒಪ್ಪಂದ ಆದಮೇಲೆ ಮೊದಲ ಆಲ್ಬಂ ಬರಲು ಸುಮಾರು ಎರಡು ವರ್ಷ ಬೇಕಾಯಿತು. 1985ರ ಫೆಬ್ರವರಿ 14ಕ್ಕೆ ಅದು ಅಂಗಡಿಗೆ ಬಂತು. ಕೂಡಲೇ ಯಾರೂ ಮುಗಿಬೀಳಲಿಲ್ಲ. ಒಂದೊಂದೇ ಹಾಡು ರೇಡಿಯೋದಲ್ಲಿ ಓಡುತ್ತಾ, ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತೆಯ ಪಟ್ಟಿಯಲ್ಲಿ ಆ ಆಲ್ಬಂ ಮೊದಲ ಸ್ಥಾನಕ್ಕೆ ಬಂದದ್ದು 1986ರ ಮಾರ್ಚ್‌ನಲ್ಲಿ. ಅಂದರೆ ಒಂದು ವರ್ಷ ದಾಟಿದ ಮೇಲೆ. ಬಿಟ್ಟು ಬಿಟ್ಟು ಒಟ್ಟು 14 ವಾರ ಅಲ್ಲಿತ್ತು. ಮನೆಯ ಹೆಸರಿನಿಂದ ಒಂದು ವಾರ ಓಡಬಹುದು, ಇಷ್ಟು ಓಡುವುದಿಲ್ಲ.

ಗ್ರ್ಯಾಮಿ ಅಂದರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ. 1986ರ ಗ್ರ್ಯಾಮಿ ಸಮಾರಂಭದ ವಿಡಿಯೋ ಸಿಕ್ಕರೆ ನೋಡಿ. ಮಹಿಳಾ ಪಾಪ್ ಗಾಯನದ ಪ್ರಶಸ್ತಿ ಕೊಡಲು ವೇದಿಕೆ ಮೇಲಿದ್ದವರು ಡಿಯಾನ್ ವಾರ್ವಿಕ್. ಲಕೋಟೆ ತೆರೆದರೆ ತಂಗಿಯ ಹೆಸರು. ಆ ಮುಖದ ಸಂತೋಷ ನೋಡಿದರೆ ನನ್ನ ಕಣ್ಣು ತುಂಬುತ್ತದೆ.

ಅವರ ದೊಡ್ಡ ದಾಖಲೆ ಯಾವುದು?

1985ರಿಂದ 1988ರ ನಡುವೆ ಸತತ ಏಳು ಹಾಡುಗಳು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದವು. ಅದಕ್ಕೆ ಮೊದಲು ಬೀಟಲ್ಸ್ ಮತ್ತು ಬೀ ಜೀಸ್ ತಂಡಗಳ ಹೆಸರಿನಲ್ಲಿ ಸತತ ಆರರ ದಾಖಲೆ ಇತ್ತು. 1987ರ ಎರಡನೇ ಆಲ್ಬಂ ಬಿಡುಗಡೆಯಾದ ಮೊದಲ ವಾರವೇ ಮೇಲಕ್ಕೆ ಹೋಯಿತು. ಹೆಣ್ಣುಮಕ್ಕಳ ಆಲ್ಬಂ ಒಂದು ಹೀಗೆ ನೇರವಾಗಿ ಮೊದಲ ಸ್ಥಾನಕ್ಕೆ ಇಳಿದದ್ದು ಅದೇ ಮೊದಲು. ಗ್ರ್ಯಾಮಿ ಒಟ್ಟು ಆರು.

ಅವರ ರಾಷ್ಟ್ರಗೀತೆಯ ಬಗ್ಗೆ ಅಷ್ಟೊಂದು ಯಾಕೆ ಮಾತಾಡುತ್ತಾರೆ?

1991ರ ಜನವರಿ 27. ಅಮೆರಿಕದ ಟ್ಯಾಂಪಾ ನಗರ, ಸೂಪರ್ ಬೌಲ್ ಪಂದ್ಯ, ಅಂದರೆ ಅವರ ಫುಟ್ಬಾಲಿನ ವರ್ಷದ ಫೈನಲ್. ಕೊಲ್ಲಿ ಯುದ್ಧ ಶುರುವಾಗಿ ಹತ್ತು ದಿನ. ಮನೆ ಮನೆಯಿಂದ ಮಕ್ಕಳು ಯುದ್ಧಕ್ಕೆ ಹೋಗಿದ್ದಾರೆ. ಆ ಹೊತ್ತಿನಲ್ಲಿ ವಿಟ್ನಿ ಟ್ರ್ಯಾಕ್ ಸೂಟ್ ಹಾಕಿಕೊಂಡು, ತಲೆಗೆ ಪಟ್ಟಿ ಕಟ್ಟಿಕೊಂಡು ಬಂದು ನಿಂತರು. ರೇಷ್ಮೆ ಇಲ್ಲ, ಒಡವೆ ಇಲ್ಲ.

ಸಂಗೀತ ಕಲಿಯುವವರು ಗಮನಿಸಬೇಕಾದ್ದು ತಾಳವನ್ನು. ಅಮೆರಿಕದ ರಾಷ್ಟ್ರಗೀತೆ ಮೂರು ಎಣಿಕೆಯಲ್ಲಿ ನಡೆಯುವ ಹಾಡು. ಅವರು ಅದನ್ನು ನಾಲ್ಕು ಎಣಿಕೆಗೆ ತಂದರು. ತಿಶ್ರದಿಂದ ಚತುರಶ್ರಕ್ಕೆ ಅಂದುಕೊಳ್ಳಿ. ಒಂದು ಎಣಿಕೆ ಜಾಸ್ತಿ ಸಿಕ್ಕಿತು, ಆ ಜಾಗದಲ್ಲಿ ದನಿ ಆರಾಮಾಗಿ ಚಾಚಿಕೊಳ್ಳುತ್ತದೆ. ಓಡುವ ಹಾಡು ನಡೆಯುವ ಹಾಡಾಯಿತು. ಇದು ಚರ್ಚಿನಲ್ಲಿ ಬೆಳೆದವರಿಗೆ ಹೊಳೆಯುವ ದಾರಿ.

ಕ್ರೀಡಾಂಗಣದಲ್ಲಿ ಕೇಳಿಸಿದ್ದು ಮೊದಲೇ ರೆಕಾರ್ಡ್ ಮಾಡಿದ ದನಿ. ಇದನ್ನು ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ಅಷ್ಟು ದೊಡ್ಡ ಬಯಲಿನಲ್ಲಿ ದನಿ ತಿರುಗಿ ಬಂದು ಕಿವಿಗೆ ಬಡಿಯುತ್ತದೆ, ವಿಮಾನಗಳು ಮೇಲೆ ಹಾರುತ್ತವೆ. ಅಲ್ಲಿ ಶ್ರುತಿ ಹಿಡಿದು ಹಾಡುವುದು ಬಹಳ ಕಷ್ಟ. ರೆಕಾರ್ಡ್ ಆದದ್ದೂ ಅವರದೇ ದನಿ, ಅವರದೇ ಉಸಿರು. ನನಗಂತೂ ಅದರ ಬೆಲೆ ಕಡಿಮೆ ಅನ್ನಿಸಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಅದೇ ರೆಕಾರ್ಡನ್ನು ಮತ್ತೆ ಬಿಡುಗಡೆ ಮಾಡಿದರು, ಜನ ಮತ್ತೆ ಕೊಂಡರು. ಆ ಹಣ ಅಗ್ನಿಶಾಮಕದವರಿಗೂ ಪೊಲೀಸರಿಗೂ ಹೋಯಿತು.

‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡಿನಲ್ಲಿ ಅಂಥದ್ದೇನಿದೆ?

ಮೊದಲಿಗೆ, ಅದು ಅವರು ಬರೆದ ಹಾಡಲ್ಲ. ಡಾಲಿ ಪಾರ್ಟನ್ ಬರೆದು 1974ರಲ್ಲಿ ತಾವೇ ಹಾಡಿದ್ದರು. ಹಳ್ಳಿಗಾಡಿನ ಕಂಟ್ರಿ ಶೈಲಿ, ಮೆಲ್ಲನೆಯ ಬೀಳ್ಕೊಡುಗೆ. 1992ರ ‘ದಿ ಬಾಡಿಗಾರ್ಡ್’ ಸಿನಿಮಾದಲ್ಲಿ ವಿಟ್ನಿ ನಾಯಕಿ. ಅದಕ್ಕೆ ಈ ಹಾಡನ್ನು ಆರಿಸಿದರು. ಶುರುವಿನಲ್ಲಿ ವಾದ್ಯವೇ ಬೇಡ ಅಂತ ಹಟ ಹಿಡಿದವರು ಜೊತೆಗೆ ನಟಿಸಿದ ಕೆವಿನ್ ಕಾಸ್ಟ್ನರ್. ರೇಡಿಯೋದವರು ಇಂಥ ಹಾಡು ಹಾಕುವುದಿಲ್ಲ ಅನ್ನುವ ಭಯ ಕಂಪನಿಗೆ ಇತ್ತು.

ಈಗ ಕೇಳಿ. ತಂಬೂರಿಯೂ ಇಲ್ಲದೆ ಒಂಟಿ ದನಿ ಶುರುವಾಗುತ್ತದೆ. ತುಂಬ ಮೆಲ್ಲಗೆ, ಕಿವಿಯ ಹತ್ತಿರ ಬಂದು ಮಾತಾಡಿದ ಹಾಗೆ. ಶ್ರುತಿ ಹಿಡಿದುಕೊಳ್ಳಲು ಆಸರೆ ಏನೂ ಇಲ್ಲ. ಆದರೂ ವಾದ್ಯ ಬಂದು ಸೇರಿದಾಗ ಒಂದು ಕೂದಲೆಳೆ ಆಚೀಚೆ ಇಲ್ಲ. ಮಕ್ಕಳೇ, ಇದನ್ನು ಮನೆಯಲ್ಲಿ ಮಾಡಿ ನೋಡಿ. ತಂಬೂರಿ ಆಪ್ ಆಫ್ ಮಾಡಿ ಒಂದು ನಿಮಿಷ ಹಾಡಿ, ಮತ್ತೆ ಆನ್ ಮಾಡಿ. ಗೊತ್ತಾಗುತ್ತದೆ.

ನಡುವೆ ಸ್ಯಾಕ್ಸಫೋನ್ ಬರುತ್ತದೆ. ಆಮೇಲೆ ದನಿ ಮತ್ತೆ ಮೆತ್ತಗಾಗುತ್ತದೆ. ಎಲ್ಲ ನಿಂತುಹೋಗುತ್ತದೆ. ಒಂದು ಕ್ಷಣ ಪೂರಾ ಮೌನ. ಒಂದು ಡ್ರಮ್ ಪೆಟ್ಟು. ಆ ಪೆಟ್ಟಿನ ಜೊತೆಗೇ ಇಡೀ ಹಾಡು ಒಂದು ಪೂರ್ಣ ಸ್ವರ ಮೇಲಕ್ಕೆ ಹೋಗಿ ಕೂರುತ್ತದೆ. ನಮ್ಮ ಪದ್ಧತಿಯಲ್ಲಿ ಕಚೇರಿ ಮಧ್ಯೆ ಆಧಾರ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’, ಬದಲಿಸುವುದಿಲ್ಲ. ಪಾಪ್ ಸಂಗೀತದಲ್ಲಿ ಇದು ಇದೆ. ಮೊದಲ ಸಲ ಕೇಳಿದ ಒಬ್ಬ ಹುಡುಗ ‘ಮಿಸ್, ಮನೆ ಸೂರು ಎತ್ತಿದ ಹಾಗಾಯ್ತು’ ಅಂದ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಂದಿಲ್ಲ.

ನಮ್ಮ ಬೀದಿಯ ಒಬ್ಬ ಅಜ್ಜಿ ಇಂಗ್ಲಿಷ್ ಒಂದಕ್ಷರ ತಿಳಿಯದವರು. ಹಾಡು ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಈ ಹುಡುಗಿ ಉಸಿರು ಎಲ್ಲಿ ತಗೊಂಡ್ಲು?’ ಸಂಗೀತ ಗೊತ್ತಿರುವವರು ಕೇಳುವ ಪ್ರಶ್ನೆ ಅದು. ಅಜ್ಜಿ ಐವತ್ತು ವರ್ಷ ಸೋಬಾನೆ ಹಾಡಿದವರು.

ಆ ಹಾಡು ಅಮೆರಿಕದಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಸಿನಿಮಾದ ಹಾಡುಗಳ ಆಲ್ಬಂ ಜಗತ್ತಿನಾದ್ಯಂತ ಸುಮಾರು 4.5 ಕೋಟಿ ಪ್ರತಿ ಮಾರಾಟವಾಯಿತು ಅನ್ನುತ್ತಾರೆ. ಡಾಲಿ ಪಾರ್ಟನ್ ಕಾರಿನಲ್ಲಿ ಹೋಗುವಾಗ ರೇಡಿಯೋದಲ್ಲಿ ಇದನ್ನು ಮೊದಲ ಬಾರಿ ಕೇಳಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತಂತೆ. ಅವರೇ ಹಲವು ಸಲ ಹೇಳಿಕೊಂಡಿದ್ದಾರೆ.

ಬೇರೆಯವರು ಬರೆದದ್ದನ್ನೇ ಹಾಡಿದರೆ ಅದು ದೊಡ್ಡ ಕಲೆಯಾ?

ನಮ್ಮ ವಿದ್ವಾಂಸರು ಪುರಂದರದಾಸರನ್ನು, ತ್ಯಾಗರಾಜರನ್ನು ಹಾಡುತ್ತಾರೆ. ಯಾರಾದರೂ ‘ನೀವು ಬರೆದದ್ದಲ್ಲವಲ್ಲ’ ಅನ್ನುತ್ತಾರಾ? ವಿಟ್ನಿ ಹಾಡಿದ್ದು ಹೆಚ್ಚಾಗಿ ಇತರರ ರಚನೆಗಳನ್ನೇ. ಆದರೆ ಅವರು ಹಾಡಿದ ಮೇಲೆ ಆ ಹಾಡನ್ನು ಬೇರೆಯವರು ಎತ್ತಿಕೊಳ್ಳಲು ಹೆದರುತ್ತಾರೆ.

ಅವರ ದನಿ ಸುತ್ತಿಸುವುದು ನಮ್ಮ ಗಮಕವೇ?

ಸಂಬಂಧಿಕರು ಅನ್ನಬಹುದು, ಒಡಹುಟ್ಟಿದವರಲ್ಲ. ನಮ್ಮ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದು, ರಾಗದ ಜೀವ. ತೋಡಿ ರಾಗದ ಗಾಂಧಾರವನ್ನು ಅಲುಗಿಸದೆ ಹಾಡಿದರೆ ಅದು ತೋಡಿ ಅನ್ನಿಸುವುದೇ ಇಲ್ಲ. ಗಾಸ್ಪೆಲ್‌ನಲ್ಲಿ ಒಂದು ಅಕ್ಷರದ ಮೇಲೆ ಹತ್ತಾರು ಸ್ವರ ಓಡಿಸುವುದು ಭಾವ ಉಕ್ಕಿದಾಗ ಬರುವ ಅಲಂಕಾರ. ವಿಟ್ನಿ ದೊಡ್ಡವರಾಗಿದ್ದು ಅದನ್ನು ಎಲ್ಲಿ ಮಾಡಬಾರದು ಅಂತ ಗೊತ್ತಿದ್ದರಿಂದ. ಸಾಲಿನ ಬಹುಪಾಲು ನೇರ ಸ್ವರದಲ್ಲೇ ಇರುತ್ತದೆ, ಕೊನೆಯಲ್ಲಿ ಒಂದು ತಿರುವು ಅಷ್ಟೇ. ಅವರನ್ನು ಅನುಕರಿಸುವವರು ಬರೀ ತಿರುವನ್ನು ಕಲಿಯುತ್ತಾರೆ, ನೇರ ಸ್ವರ ಕಲಿಯುವುದಿಲ್ಲ. ಸ್ಪರ್ಧೆಗಳಲ್ಲಿ ಕೇಳಿ ಕೇಳಿ ನನಗೆ ನೋವಾಗಿದೆ.

ಅವರ ಜನರೇ ಅವರನ್ನು ಹೀಯಾಳಿಸಿದ್ದು ನಿಜವೇ?

ನಿಜ. 1989ರಲ್ಲಿ, ಕಪ್ಪು ಜನರ ಸಂಗೀತಕ್ಕೆ ಕೊಡುವ ಸೋಲ್ ಟ್ರೇನ್ ಪ್ರಶಸ್ತಿಯ ಸಮಾರಂಭದಲ್ಲಿ ಅವರ ಹೆಸರು ಕೂಗಿದಾಗ ಸಭೆಯ ಕೆಲವರು ಗೇಲಿ ಮಾಡಿದರು. ಕಪ್ಪು ಜನರ ಸಂಗೀತ ಬಿಟ್ಟು ಬಿಳಿಯರಿಗೆ ಬೇಕಾದಂತೆ ಹಾಡುತ್ತಾಳೆ ಅನ್ನುವ ದೂರು. ಚರ್ಚಿನ ತಂಡದಲ್ಲಿ ಬೆಳೆದ ಹುಡುಗಿಗೆ ಈ ಮಾತು ಎಷ್ಟು ಚುಚ್ಚಿರಬೇಕು. ಅವರು ಮಾಡೆಲಿಂಗ್ ಮಾಡುತ್ತಿದ್ದಾಗಲೇ, ವರ್ಣಭೇದದ ದಕ್ಷಿಣ ಆಫ್ರಿಕಾದ ಜೊತೆ ವ್ಯವಹಾರ ಇದ್ದ ಕಂಪನಿಗಳಿಗೆ ಕೆಲಸ ಮಾಡಲು ಒಪ್ಪಿರಲಿಲ್ಲ. 1988ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ, ಜೈಲಿನಲ್ಲಿದ್ದ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಕಾರ್ಯಕ್ರಮದಲ್ಲಿ ಹಾಡಿದರು. ಮಂಡೇಲಾ ಅಧ್ಯಕ್ಷರಾದ 1994ರಲ್ಲೇ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕಛೇರಿ ಕೊಟ್ಟರು.

ಗಂಡನಿಂದಲೇ ಹಾಳಾದರು ಅನ್ನುತ್ತಾರಲ್ಲ?

ಗಾಯಕ ಬಾಬಿ ಬ್ರೌನ್ ಜೊತೆ 1992ರ ಜುಲೈನಲ್ಲಿ ಮದುವೆ, 1993ರಲ್ಲಿ ಮಗಳು ಬಾಬಿ ಕ್ರಿಸ್ಟಿನಾ, 2007ರಲ್ಲಿ ವಿಚ್ಛೇದನ. ಸುಖದ ಸಂಸಾರ ಆಗಿರಲಿಲ್ಲ. ಆದರೆ ಎಲ್ಲ ತಪ್ಪನ್ನೂ ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ಅಣ್ಣ ಮೈಕೆಲ್ ಅವರೇ ಟಿವಿಯಲ್ಲಿ ಹೇಳಿದ್ದಾರೆ. ಮದುವೆಗೆ ಮೊದಲೇ, 1980ರ ದಶಕದಲ್ಲೇ ಅಣ್ಣ ತಂಗಿ ಒಟ್ಟಿಗೆ ಮಾದಕ ವಸ್ತು ಬಳಸುತ್ತಿದ್ದರಂತೆ. ತನಗೂ ಅದರಲ್ಲಿ ಪಾಲಿದೆ ಅಂತ ಅವರು ನೊಂದುಕೊಂಡರು.

ಹಣದ ವಿಷಯವೂ ಇತ್ತು. 2001ರಲ್ಲಿ ಕಂಪನಿ ಜೊತೆ ಸುಮಾರು 10 ಕೋಟಿ ಡಾಲರ್‌ನ ಒಪ್ಪಂದ ಆಯಿತು. 2002ರಲ್ಲಿ ತಂದೆಯ ಕಂಪನಿಯೇ ಮಗಳ ಮೇಲೆ 10 ಕೋಟಿ ಡಾಲರ್‌ಗೆ ಮೊಕದ್ದಮೆ ಹಾಕಿತು. ಮುಂದಿನ ವರ್ಷ ತಂದೆ ತೀರಿಕೊಂಡರು. ಹಾಡು ಕೊಟ್ಟ ಮನೆಯೇ ಕೆಲವರಿಗೆ ಹೊಟ್ಟೆಪಾಡು ಆಗಿತ್ತು. ಮನೆಮಂದಿಯೆಲ್ಲ ಒಬ್ಬ ಹೆಣ್ಣುಮಗಳ ಗಂಟಲಿನ ಮೇಲೆ ನಿಂತರೆ, ‘ಸ್ವಲ್ಪ ದಿನ ಹಾಡಬೇಡ, ಸುಮ್ನೆ ಮನೇಲಿರು’ ಅಂತ ಹೇಳುವವರು ಯಾರು? ಈ ಪ್ರಶ್ನೆ ನನ್ನನ್ನು ತುಂಬ ಕಾಡುತ್ತದೆ. ತಾಯಿ ಪ್ರಯತ್ನ ಮಾಡಿದರು. ಕೋರ್ಟಿನ ಆದೇಶ ಹಿಡಿದುಕೊಂಡು ಮಗಳ ಮನೆಗೆ ಹೋಗಿ, ಚಿಕಿತ್ಸೆಗೆ ಬಾ ಅಂತ ಎಳೆದುಕೊಂಡು ಹೋದ ತಾಯಿ ಅವರು. ವಿಟ್ನಿಯೇ 2009ರ ಸಂದರ್ಶನದಲ್ಲಿ ಇದನ್ನು ಹೇಳಿದ್ದಾರೆ.

ಅಂಥ ದನಿ ಹೋಗಿದ್ದು ಹೇಗೆ?

ಸಿಗರೇಟು, ಮಾದಕ ವಸ್ತು, ವರ್ಷಗಟ್ಟಲೆ ಅಭ್ಯಾಸ ತಪ್ಪಿದ್ದು. 2009ರಲ್ಲಿ ಹೊಸ ಆಲ್ಬಂ ಬಂತು, ಮತ್ತೆ ಮೊದಲ ಸ್ಥಾನಕ್ಕೂ ಹೋಯಿತು. ಜನ ಕಾದಿದ್ದರು ಅಂತ ಅರ್ಥ. ಆದರೆ 2010ರ ಪ್ರವಾಸದಲ್ಲಿ ಮೇಲಿನ ಸ್ವರಗಳು ಸಿಗಲಿಲ್ಲ, ಟೀಕೆ ಬಂತು. ಆಗ ಅವರಿಗೆ 46. ನಮ್ಮ ಆರ್.ಕೆ. ಶ್ರೀಕಂಠನ್ ಅವರು 90 ದಾಟಿದ ಮೇಲೂ ಕಛೇರಿ ಮಾಡಿದರು, ಅದೂ ಗಟ್ಟಿ ದನಿಯಲ್ಲಿ. ಗಂಟಲು ಮೈಯ ಒಂದು ಭಾಗ. ಮೈ ಹೇಗೋ ಅದೂ ಹಾಗೆ.

ಆ ಪ್ರವಾಸದ ವಿಡಿಯೋಗಳನ್ನು ನಾನು ಕ್ಲಾಸಿನಲ್ಲಿ ಹಾಕುವುದಿಲ್ಲ. ಕೇಳಬೇಡಿ.

ಅವರು ಹೇಗೆ ತೀರಿಕೊಂಡರು?

2012ರ ಫೆಬ್ರವರಿ 11. ಮರುದಿನ ಗ್ರ್ಯಾಮಿ ಸಮಾರಂಭ. ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಟನ್ ಹೋಟೆಲಿನ ಕೋಣೆಯಲ್ಲಿ, ಸ್ನಾನದ ತೊಟ್ಟಿಯಲ್ಲಿ ಮುಳುಗಿ ತೀರಿಕೊಂಡರು. ಅದು ಆಕಸ್ಮಿಕ, ಹೃದಯದ ಕಾಯಿಲೆ ಮತ್ತು ಕೊಕೇನ್ ಕೂಡ ಕಾರಣ ಅಂತ ವೈದ್ಯಕೀಯ ಪರೀಕ್ಷೆ ಹೇಳಿತು. ಫೆಬ್ರವರಿ 18ಕ್ಕೆ ಅಂತಿಮ ವಿಧಿ ನಡೆದದ್ದು ನೆವಾರ್ಕ್‌ನ ಅದೇ ನ್ಯೂ ಹೋಪ್ ಚರ್ಚಿನಲ್ಲಿ. ಸಾವಿನ ಬಗ್ಗೆ ಇದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ.

ಮಗಳು? ತಾಯಿ?

ಮಗಳು ಬಾಬಿ ಕ್ರಿಸ್ಟಿನಾ 2015ರ ಜುಲೈನಲ್ಲಿ ತೀರಿಕೊಂಡಳು. ಇನ್ನೂ 22. ಸಿಸ್ಸಿ ಅವರು ಮಗಳನ್ನೂ ಮೊಮ್ಮಗಳನ್ನೂ ಕಳುಹಿಸಿಕೊಟ್ಟು, 2024ರ ಅಕ್ಟೋಬರ್‌ನಲ್ಲಿ ತಮ್ಮ 91ನೇ ವಯಸ್ಸಿನಲ್ಲಿ ಹೋದರು. ಜೀವನಪೂರ್ತಿ ಬೇರೆಯವರ ಹಿಂದೆ ನಿಂತು ಹಾಡಿದ ಈ ತಾಯಿಗೆ ತಮ್ಮದೇ ಗಾಸ್ಪೆಲ್ ಆಲ್ಬಂಗಳಿಗೆ ಎರಡು ಗ್ರ್ಯಾಮಿ ಬಂದಿವೆ. ಇದನ್ನು ಜನ ಮರೆಯುತ್ತಾರೆ. ದಯವಿಟ್ಟು ಮರೆಯಬೇಡಿ.

ನಮ್ಮ ಮನೆಯಲ್ಲಿ ಯಾರೂ ಹಾಡುವವರಿಲ್ಲ. ನಮ್ಮ ಮಗುವಿಗೆ ಸಂಗೀತ ಬರುತ್ತದಾ?

ಸಕಲೇಶಪುರದಿಂದ ಬಸ್ಸಿನಲ್ಲಿ ಬರುವ ಒಬ್ಬ ಅಮ್ಮ ಇದನ್ನು ಕೇಳಿದರು, ಸ್ವಲ್ಪ ಅಳುಕಿನಿಂದ. ಖಂಡಿತ ಬರುತ್ತದೆ. ವಿಟ್ನಿಗೆ ಮನೆ ಕೊಟ್ಟದ್ದು ಮುಖ್ಯವಾಗಿ ಕೇಳುವ ಅವಕಾಶ. ಅದನ್ನು ನೀವೂ ಕೊಡಬಹುದು. ರೊಟ್ಟಿ ತಟ್ಟುವಾಗ ರೇಡಿಯೋ ಹಾಕಿ, ಹಾಸನ ಆಕಾಶವಾಣಿಯಲ್ಲಿ ಒಳ್ಳೆಯ ಹಾಡು ಬರುತ್ತವೆ. ನಿಮಗೆ ಬಂದ ಜೋಗುಳ ಹಾಡಿ, ಶ್ರುತಿ ತಪ್ಪಿದರೂ ಪರವಾಗಿಲ್ಲ. ರುದ್ರಪಟ್ಟಣದಲ್ಲಿ ತಂಬೂರಿ ಆಕಾರದ ಮಂದಿರ ಕಟ್ಟಿದ್ದಾರಲ್ಲ, ಒಂದು ದಿನ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಮತ್ತೆ, ಕಲಿತ ಕೂಡಲೇ ಸ್ಪರ್ಧೆಗೆ ಕಳಿಸಬೇಡಿ. ಒಂದೆರಡು ವರ್ಷ ಗುಂಪಿನಲ್ಲಿ ಹಾಡಲಿ.

ಕೇಳಲು ಯಾವುದರಿಂದ ಶುರು ಮಾಡಲಿ?

ಮೊದಲು ‘ಐ ವಾನ್ನಾ ಡ್ಯಾನ್ಸ್ ವಿತ್ ಸಮ್‌ಬಡಿ’. ಕುಣಿಯಬೇಕು ಅನ್ನಿಸಿದರೆ ಕುಣಿಯಿರಿ. ಆಮೇಲೆ 1991ರ ರಾಷ್ಟ್ರಗೀತೆ, ಮೂರು ಮತ್ತು ನಾಲ್ಕು ಎಣಿಕೆಯ ವ್ಯತ್ಯಾಸ ಕೈಯಲ್ಲಿ ಹಾಕುತ್ತಾ. ಬಾಡಿಗಾರ್ಡ್ ಹಾಡನ್ನು ರಾತ್ರಿ, ದೀಪ ಆರಿಸಿ. 1996ರಲ್ಲಿ ‘ದಿ ಪ್ರೀಚರ್ಸ್ ವೈಫ್’ ಸಿನಿಮಾಕ್ಕೆ ಹಾಡಿದ ಗಾಸ್ಪೆಲ್ ಹಾಡುಗಳನ್ನು ಬಿಡಬೇಡಿ. ದೊಡ್ಡ ಗುಂಪಿನ ಮುಂದೆ ನಿಂತು ಹಾಡುವ ವಿಟ್ನಿ ಅಲ್ಲಿ ಸಿಗುತ್ತಾರೆ, ತವರಿಗೆ ಬಂದ ಮಗಳ ಹಾಗೆ.

ಕೊನೆಗೆ 1987ರ ಆಲ್ಬಂನ ಕೊನೆಯ ಹಾಡು, ‘ಐ ನೋ ಹಿಮ್ ಸೋ ವೆಲ್’. ಅಮ್ಮ ಮಗಳು ಇಬ್ಬರೂ ಸೇರಿ ಹಾಡಿದ್ದು. ಯಾರ ಸಾಲು ಯಾರದು ಅಂತ ಮೊದಲೇ ಓದಿಕೊಳ್ಳಬೇಡಿ. ಕಣ್ಣು ಮುಚ್ಚಿ ಕೇಳಿ, ಊಹಿಸಿ. ನಮ್ಮ ಚಾಪೆಯ ಮೇಲೆ ಕೂತವರಲ್ಲಿ ಅರ್ಧ ಜನ ಒಂದು ಕಡೆಯಾದರೂ ತಪ್ಪಿದರು. ಸೋಬಾನೆ ಅಜ್ಜಿ ಮಾತ್ರ ತಪ್ಪಲಿಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದೆ. ‘ಒಬ್ಬಳು ಇನ್ನೊಬ್ಬಳಿಗೆ ಜಾಗ ಬಿಡ್ತಾಳಲ್ಲ, ಅವಳೇ ತಾಯಿ’ ಅಂದರು.